ಗೆರೆ ತುಂಡಾಗುವ ತನಕ

ಕಬ್ಬು ಅರೆಯುವ ದಿನಗಳಲ್ಲಿ ಕೊತ್ತತ್ತಿ ಕಡೆಯಿಂದ ಮಂಡ್ಯಕ್ಕೆ ಬರುವವರಿಗೆ ಈ ನೋಟ ಹೊಸದಲ್ಲ. ಮುಂದೆ ಜೋಡಿ ಟ್ರೇಲರ್ ಎಳೆಯುವ ಟ್ರ್ಯಾಕ್ಟರ್. ಎರಡು ಟ್ರೇಲರಿನ ಮೇಲೂ ಒತ್ತಿ ಕಟ್ಟಿದ ಕಬ್ಬು, ಎರಡು ಬದಿಗೂ ಚಾಚಿಕೊಂಡ ಜಲ್ಲೆಗಳು. ಡ್ರೈವರಿಗೆ ಹಿಂದಿನದು ಕಾಣದು, ಹಿಂದಿನವರಿಗೆ ಮುಂದಿನದು ಕಾಣದು. ಅದರ ಬೆನ್ನಿಗೆ ಒಂದು ಆಟೊ, ಒಂದು ಹಾಲಿನ ಗಾಡಿ, ಗಾರ್ಮೆಂಟ್ಸ್‌ಗೆ ಹೊರಟ ಹೆಣ್ಣುಮಕ್ಕಳನ್ನು ತುಂಬಿಕೊಂಡ ಟೆಂಪೊ, ನಾಲ್ಕಾರು ಬೈಕು. ಎಲ್ಲರಿಗೂ ಹೊತ್ತಾಗಿದೆ.

ಹೋದ ವರ್ಷ ಅಂಥದೊಂದು ಸಾಲಿನಲ್ಲಿ ನಾನೂ ಇದ್ದೆ. ಮುಂದೆ ರಸ್ತೆ ಎಡಕ್ಕೆ ಬಾಗುತ್ತಿತ್ತು, ತಿರುವಿನ ಒಳಮಗ್ಗುಲಲ್ಲಿ ಆಳೆತ್ತರ ಬೆಳೆದ ಕಬ್ಬಿನ ಗದ್ದೆ. ನನ್ನ ಹಿಂದಿದ್ದ ಹುಡುಗನೊಬ್ಬ ಬೈಕನ್ನು ಬಲಕ್ಕೆ ಎಳೆದು ಸಾಲಿಗೆ ಸಾಲನ್ನೇ ದಾಟಿ ಹೋದ. ತಿರುವಿನಿಂದ ಗೂಡ್ಸ್ ಆಟೊ ಬಂತು. ಅದರ ಡ್ರೈವರ್ ಮಣ್ಣಿಗೆ ಇಳಿಸಿಕೊಂಡದ್ದರಿಂದ ಹುಡುಗ ಉಳಿದ. ಮುಂದೆ ಟೀ ಅಂಗಡಿ ಹತ್ತಿರ ಅವನೇ ಸಿಕ್ಕ. ಕೈ ಇನ್ನೂ ನಡುಗುತ್ತಿತ್ತು. ‘ಅಲ್ಲಪ್ಪ, ಅಲ್ಲಿ ರೋಡಿನ ಮಧ್ಯೆ ಇಡೀ ಗೆರೆ ಎಳೆದಿದ್ದಾರಲ್ಲ, ನೋಡಲಿಲ್ವಾ?’ ಎಂದೆ. ‘ಅದು ರೋಡು ಮಧ್ಯ ಎಲ್ಲದೆ ಅಂತ ಗೊತ್ತಾಗ್ಲಿ ಅಂತ ಬುಡಿ ಸಾ’ ಎಂದ. ಅವನು ಕೊಬ್ಬಿನಿಂದ ಹೇಳಿದ ಮಾತಲ್ಲ ಅದು. ಅವನಿಗೆ ಲೈಸೆನ್ಸ್ ಇತ್ತು. ಆದರೆ ಗೆರೆ ಓದಲು ಯಾರೂ ಕಲಿಸಿರಲಿಲ್ಲ.

ಈ ಅಂಕಣ ಬರೆಯುತ್ತಿರುವುದು ಆ ಹುಡುಗನಿಗಾಗಿ, ಮತ್ತು ಅವನಂತೆ ಲೈಸೆನ್ಸ್ ಇದ್ದೂ ಗೆರೆಯ ಭಾಷೆ ತಿಳಿಯದ ನಮ್ಮಂಥ ಎಲ್ಲರಿಗಾಗಿ.

ರಸ್ತೆಯ ನಡುವೆ ತುಂಡು ತುಂಡಾಗಿ ಗೆರೆ ಇದ್ದರೆ, ಎದುರಿನ ದಾರಿ ತೆರವಾಗಿದ್ದಾಗ ಅದನ್ನು ದಾಟಿ ಮುಂದಿನ ವಾಹನವನ್ನು ಹಿಂದಿಕ್ಕಬಹುದು. ತುಂಡುಗಳು ಉದ್ದವಾಗಿ, ನಡುವಿನ ತೆರಪು ಕಿರಿದಾಗುತ್ತ ಬಂದರೆ ಅದು ಎಚ್ಚರಿಕೆ: ಮುಂದೆ ದಾಟಬಾರದ ಜಾಗ ಬರುತ್ತಿದೆ, ಹೊಸದಾಗಿ ಓವರ್‌ಟೇಕ್ ಶುರುಮಾಡಬೇಡ, ಶುರುಮಾಡಿದ್ದರೆ ಬೇಗ ಎಡಕ್ಕೆ ಬಾ. ಆಮೇಲೆ ಬರುವುದು ತುಂಡಾಗದ ಇಡೀ ಗೆರೆ. ಅದನ್ನು ದಾಟುವಂತಿಲ್ಲ. ಜೋಡಿ ಇಡೀ ಗೆರೆ ಇದ್ದರೆ ಎರಡು ದಿಕ್ಕಿನವರಿಗೂ ಅದು ಗೋಡೆಯ ಸಮ. ಕೆಲವು ಕಡೆ ಒಂದು ಇಡೀ ಗೆರೆ, ಅದರ ಪಕ್ಕದಲ್ಲೇ ಒಂದು ತುಂಡು ಗೆರೆ ಕಾಣುತ್ತದೆ. ಇದು ಬಹಳ ಜನರಿಗೆ ಗೊಂದಲ. ನಿಮ್ಮ ಮಗ್ಗುಲಿಗೆ ಯಾವ ಗೆರೆ ಇದೆಯೋ ಅದು ನಿಮ್ಮದು. ನಿಮ್ಮ ಕಡೆ ತುಂಡಿದ್ದರೆ ನೀವು ದಾಟಬಹುದು, ಎದುರಿನವರು ದಾಟುವಂತಿಲ್ಲ. ಏರಿನಲ್ಲಿ, ತಿರುವಿನಲ್ಲಿ ಒಂದು ದಿಕ್ಕಿನವರಿಗೆ ದೂರದವರೆಗೆ ಕಾಣಿಸಿ ಇನ್ನೊಂದು ದಿಕ್ಕಿನವರಿಗೆ ಕಾಣದೇ ಇರುವಲ್ಲಿ ಹೀಗೆ ಎಳೆಯುತ್ತಾರೆ.

ಬಿಳಿ ಪಟ್ಟೆಯೋ ಹಳದಿ ಪಟ್ಟೆಯೋ ಎಂಬ ಚರ್ಚೆ ನಮ್ಮಲ್ಲಿ ಹೆಚ್ಚು. 1989ರ ರಸ್ತೆ ನಿಯಮಾವಳಿಯಲ್ಲಿ, ರಸ್ತೆಯನ್ನು ವಿಭಜಿಸುವ ಹಳದಿ ಗೆರೆಯನ್ನು ಓವರ್‌ಟೇಕ್ ಮಾಡುವವರು ದಾಟಬಾರದೆಂದು ಸ್ಪಷ್ಟವಾಗಿ ಬರೆದಿತ್ತು. ಆ ನಿಯಮಾವಳಿಯ ಜಾಗದಲ್ಲಿ 2017ರ ಮೋಟಾರು ವಾಹನ ಚಾಲನಾ ನಿಯಮಗಳು ಬಂದಿವೆ. ಓಡಿಸುವವರು ನೆನಪಿಡಬೇಕಾದ್ದು ಬಣ್ಣಕ್ಕಿಂತ ಗೆರೆ ತುಂಡೋ ಇಡಿಯೋ ಎಂಬುದನ್ನು. ಇನ್ನೊಂದು ಮಾತು. ಇಡೀ ಗೆರೆ ನಿಷೇಧಿಸುವುದು ಗೆರೆ ದಾಟುವುದನ್ನು. ಸೈಕಲ್ ತುಳಿಯುವವರೊಬ್ಬರನ್ನು ನಿಮ್ಮ ಪಾಲಿನ ಅರ್ಧ ರಸ್ತೆಯೊಳಗೇ ಸಾಕಷ್ಟು ಅಂತರ ಬಿಟ್ಟು ದಾಟಲು ಸಾಧ್ಯವಿದ್ದರೆ ಗೆರೆಯ ತಕರಾರಿಲ್ಲ. ಆದರೆ ಕಬ್ಬಿನ ಲೋಡಿನ ಪಕ್ಕದಲ್ಲಿ ಅಂಥ ಜಾಗ ಎಲ್ಲಿರುತ್ತದೆ? ಗೆರೆ ದಾಟದೆ ಅದನ್ನು ಹಿಂದಿಕ್ಕಲು ಆಗದು. ಆದ್ದರಿಂದ ಇಡೀ ಗೆರೆ ಇರುವಷ್ಟು ದೂರವೂ ಅದರ ಹಿಂದೆಯೇ ಹೋಗಬೇಕು.

ಈ ಗೆರೆ ತುಂಡಾಗುವುದು ಎಲ್ಲಿ, ಇಡಿಯಾಗುವುದು ಎಲ್ಲಿ ಎಂದು ಬಣ್ಣದ ಡಬ್ಬ ಹಿಡಿದ ಕೆಲಸಗಾರ ತನಗೆ ತೋಚಿದಂತೆ ತೀರ್ಮಾನಿಸುವುದಿಲ್ಲ. 1934ರಲ್ಲಿ ಸ್ಥಾಪನೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ದೇಶದ ರಸ್ತೆಗಳಿಗೆ ಮಾನದಂಡ ಬರೆಯುವ ಸಂಸ್ಥೆ. ರಸ್ತೆ ಗೆರೆಗಳಿಗೆ ಅದರ 35ನೇ ಸಂಹಿತೆ ಇದೆ. ಓವರ್‌ಟೇಕ್ ಮಾಡಲು ಮುಂದೆ ಎಷ್ಟು ದೂರ ಕಾಣಬೇಕು ಎಂಬುದಕ್ಕೂ ಲೆಕ್ಕವಿದೆ. ವಾಹನಗಳು ಗಂಟೆಗೆ 50 ಕಿ.ಮೀ. ವೇಗದಲ್ಲಿ ಓಡುವ ರಸ್ತೆಯಲ್ಲಿ 235 ಮೀಟರ್, 60 ಕಿ.ಮೀ. ವೇಗಕ್ಕೆ 300 ಮೀಟರ್, 80ಕ್ಕೆ 470, ನೂರಕ್ಕೆ 640 ಮೀಟರ್. ಇಷ್ಟು ದೂರ ಮುಂದೆ ಕಾಣದ ಜಾಗದಲ್ಲಿ ಓವರ್‌ಟೇಕ್ ಮಾಡುವವನು ತನಗೆ ಗೊತ್ತಿಲ್ಲದ ರಸ್ತೆಗೆ ನುಗ್ಗಿದಂತೆ.

235 ಮೀಟರ್ ಎಂದರೆ ಅತಿಯಾಯಿತು ಎನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಕಾಗದ ಹಿಡಿದು ಲೆಕ್ಕ ಹಾಕಿ ನೋಡಿದೆ. ಟ್ರ್ಯಾಕ್ಟರ್ ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋಗುತ್ತಿದೆ, ಎರಡು ಟ್ರೇಲರ್ ಸೇರಿ ಸುಮಾರು 15 ಮೀಟರ್ ಉದ್ದ ಎಂದುಕೊಳ್ಳಿ. ಬೈಕು 50ರ ವೇಗದಲ್ಲಿ ದಾಟುತ್ತದೆ. ಹಿಂದೆ 15 ಮೀಟರ್ ಅಂತರವಿರುವಾಗ ಬಲಕ್ಕೆ ಸರಿದು, 15 ಮೀಟರ್ ಉದ್ದದ ಲೋಡನ್ನು ದಾಟಿ, ಮುಂದೆ ಇನ್ನೊಂದು 15 ಮೀಟರ್ ಬಿಟ್ಟು ಎಡಕ್ಕೆ ಬರಬೇಕು. ಅಂದರೆ ಟ್ರ್ಯಾಕ್ಟರಿಗಿಂತ 45 ಮೀಟರ್ ಹೆಚ್ಚು ಓಡಬೇಕು. ಎರಡರ ವೇಗದ ವ್ಯತ್ಯಾಸ ಸೆಕೆಂಡಿಗೆ ಎಂಟು ಮೀಟರ್ ಚಿಲ್ಲರೆ. ಹಾಗಾಗಿ ಐದೂವರೆ ಸೆಕೆಂಡ್ ಬೇಕು. ಅಷ್ಟರಲ್ಲಿ ಬೈಕು 75 ಮೀಟರ್ ಓಡಿರುತ್ತದೆ. ಎದುರಿನಿಂದ 60ರ ವೇಗದಲ್ಲಿ ಬರುವ ಬಸ್ಸು 90 ಮೀಟರ್ ಹತ್ತಿರ ಬಂದಿರುತ್ತದೆ. ಎರಡೂ ಕೂಡಿದರೆ 165. ಇನ್ನು ನೋಡಿ, ‘ಹೋಗಬಹುದು’ ಎಂದುಕೊಂಡು, ಹ್ಯಾಂಡಲ್ ತಿರುಗಿಸುವುದಕ್ಕೆ ಎರಡು ಸೆಕೆಂಡ್ ಸೇರಿಸಿ. 200 ಮೀಟರ್ ದಾಟಿತು. ಬೈಕಿನ ಹಿಂದೆ ಹೆಂಡತಿ, ಮುಂದೆ ಮಗು, ಹ್ಯಾಂಡಲಿನಲ್ಲಿ ಒಂದು ಚೀಲ ಇದ್ದರೆ ವೇಗ ಅಷ್ಟು ಬೇಗ ಏರುವುದೂ ಇಲ್ಲ. ಸಂಹಿತೆ ಬರೆದವರು ನಮ್ಮನ್ನು ಕಾಯಲು ಕೈಬಿಚ್ಚಿ ಕೊಟ್ಟ ಅಂತರವೇನೂ ಅಲ್ಲ ಅದು. ಬದುಕಲು ಬೇಕಾದಷ್ಟೇ ಅಂತರ.

ಕಬ್ಬಿನ ಗದ್ದೆಯ ಪಕ್ಕದ ತಿರುವಿನಲ್ಲಿ ನಮಗೆ ಎಷ್ಟು ದೂರ ಕಾಣುತ್ತದೆ? 40 ಮೀಟರ್, ಹೆಚ್ಚೆಂದರೆ 60. ಅದೂ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಕಬ್ಬು ಕಡಿದ ಮೇಲೆ ಬಯಲಾಗಿ ಕಾಣುವ ತಿರುವು, ಕೂಳೆ ಚಿಗುರಿ ಆಳೆತ್ತರಕ್ಕೆ ಬಂದಾಗ ಕುರುಡಾಗುತ್ತದೆ. ದಿನವೂ ಓಡಾಡುವ ರಸ್ತೆ ಎಂಬ ಧೈರ್ಯ ನಮ್ಮನ್ನು ಮೋಸಗೊಳಿಸುವುದು ಇಲ್ಲೇ.

ರಸ್ತೆಯ ನಡುವೆ ಗೆರೆ ಎಳೆಯುವ ಯೋಚನೆ ಹುಟ್ಟಿದ್ದಕ್ಕೆ ಹಾಲಿನ ಕಥೆಯೊಂದನ್ನು ಹೇಳುತ್ತಾರೆ. ಗೆಜ್ಜಲಗೆರೆಯ ಡೇರಿಗೆ ಹಾಲು ಹಾಕುವ ನಮ್ಮ ಜಿಲ್ಲೆಯವರಿಗೆ ಅದು ಇಷ್ಟವಾದೀತು. ಅಮೆರಿಕದ ಮಿಷಿಗನ್ ರಾಜ್ಯದ ವೇಯ್ನ್ ಕೌಂಟಿಯಲ್ಲಿ ಎಡ್ವರ್ಡ್ ಹೈನ್ಸ್ ಎಂಬ ರಸ್ತೆ ಅಧಿಕಾರಿ, ಸೋರುತ್ತಿದ್ದ ಹಾಲಿನ ಗಾಡಿ ರಸ್ತೆಯ ಮೇಲೆ ಬಿಟ್ಟುಹೋದ ಬಿಳಿ ಜಾಡನ್ನು ಕಂಡು, 1911ರಲ್ಲಿ ರಸ್ತೆ ನಡುವೆ ಬಿಳಿ ಗೆರೆ ಎಳೆಸಿದನಂತೆ. ನನಗೆ ಹೆಚ್ಚು ಹತ್ತಿರವೆನಿಸುವವರು ಕ್ಯಾಲಿಫೋರ್ನಿಯಾದ ವೈದ್ಯೆ ಜೂನ್ ಮೆಕ್ಯಾರಲ್. 1917ರಲ್ಲಿ ಎದುರಿನಿಂದ ಬಂದ ಲಾರಿಯೊಂದು ಆಕೆಯ ಕಾರನ್ನು ರಸ್ತೆಯಿಂದಾಚೆಗೆ ದೂಡಿತು. ನಡುವೆ ಗೆರೆ ಬೇಕೆಂದು ಆಕೆ ಕಚೇರಿಗಳನ್ನು ಕೇಳಿಕೊಂಡರು. ಯಾರೂ ಕಿವಿಗೊಡದಿದ್ದಾಗ ತಾವೇ ಒಂದು ಮೈಲಿನಷ್ಟು ಗೆರೆ ಎಳೆದರು. ಅಲ್ಲಿನ ಸರ್ಕಾರ ಅದನ್ನು ಒಪ್ಪಿ ಜಾರಿಗೆ ತಂದದ್ದು 1924ರಲ್ಲಿ. ಪೆಟ್ಟು ತಿಂದವರು ಕೇಳಿದ್ದರಿಂದಲೇ ಗೆರೆ ಬಂತು ಎಂಬುದನ್ನು ನಾವು ಮರೆಯಬಾರದು.

ಇನ್ನು ಕಾನೂನು. ಗೆರೆ ಇರಲಿ ಇಲ್ಲದಿರಲಿ, ಓವರ್‌ಟೇಕ್ ಬಲಗಡೆಯಿಂದಲೇ. ಮುಂದಿನ ವಾಹನ ಬಲಕ್ಕೆ ತಿರುಗುವ ಸೂಚನೆ ಕೊಟ್ಟು ರಸ್ತೆಯ ನಡುವಿಗೆ ಸರಿದಿದ್ದರೆ ಮಾತ್ರ ಎಡದಿಂದ ಹೋಗಬಹುದು. ಎದುರಿನವರಿಗೆ ತೊಂದರೆಯಾಗುವಂತಿದ್ದರೆ, ತಿರುವು, ದಿಬ್ಬ ಅಥವಾ ಬೇರೆ ಅಡ್ಡಿಯಿಂದ ಮುಂದಿನ ರಸ್ತೆ ಚೆನ್ನಾಗಿ ಕಾಣದಿದ್ದರೆ, ನಿಮ್ಮ ಹಿಂದಿನವನು ಆಗಲೇ ನಿಮ್ಮನ್ನು ದಾಟಲು ಶುರುಮಾಡಿದ್ದರೆ ಓವರ್‌ಟೇಕ್ ಕೂಡದು. ಈ ಕೊನೆಯದನ್ನು ಪಾಲಿಸಲು ಕನ್ನಡಿ ಬೇಕು. ಹೊಸ ಬೈಕು ತಂದ ವಾರದಲ್ಲೇ ಕನ್ನಡಿ ಬಿಚ್ಚಿಡುವ ಹುಡುಗರು ಕಾನೂನು ಪಾಲಿಸುವ ದಾರಿಯನ್ನೇ ಬಿಚ್ಚಿಟ್ಟಂತೆ. ಮನೆಯ ಹಿರಿಯರು ಅದನ್ನು ಹೇಳಿ ಹಾಕಿಸಬೇಕು.

ಮೋಟಾರು ವಾಹನ ಕಾಯ್ದೆ 1988ರದು. 2019ರ ತಿದ್ದುಪಡಿಯ ದಂಡಗಳು ಆ ವರ್ಷ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದವು. ಚಾಲನಾ ನಿಯಮ ಮೀರಿದರೆ 177ಎ ಕಲಮಿನ ಪ್ರಕಾರ 500ರಿಂದ 1,000 ರೂಪಾಯಿ ದಂಡ. ಆದರೆ ಕಾನೂನಿಗೆ ವಿರುದ್ಧವಾಗಿ ಓವರ್‌ಟೇಕ್ ಮಾಡುವುದು ಇತರರಿಗೆ ಅಪಾಯ ತರುವಂತಿದ್ದರೆ ಅದು 184ನೇ ಕಲಮಿನ ಅಪಾಯಕಾರಿ ಚಾಲನೆ. ಕೆಂಪು ದೀಪ ದಾಟುವುದು, ಓಡಿಸುತ್ತ ಮೊಬೈಲ್ ಹಿಡಿಯುವುದು, ಎದುರು ದಿಕ್ಕಿನಲ್ಲಿ ನುಗ್ಗುವುದು ಇವುಗಳ ಸಾಲಿನಲ್ಲೇ ತಪ್ಪು ಓವರ್‌ಟೇಕನ್ನೂ ಕಾಯ್ದೆ ಹೆಸರಿಟ್ಟು ಸೇರಿಸಿದೆ. ಮೊದಲ ಸಲಕ್ಕೆ ಆರು ತಿಂಗಳಿಂದ ಒಂದು ವರ್ಷದ ಜೈಲು, ಇಲ್ಲವೇ 1,000ದಿಂದ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಮೂರು ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ನಿರ್ಲಕ್ಷ್ಯದಿಂದ ಜೀವ ಹೋದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮು ಬರುತ್ತದೆ. ಹಳೆಯ ದಂಡ ಸಂಹಿತೆಯಲ್ಲಿ ಎರಡು ವರ್ಷದವರೆಗೆ ಇದ್ದ ಶಿಕ್ಷೆ ಈಗ ಐದು ವರ್ಷದವರೆಗೆ ಹೋಗಬಹುದು.

ದಾಟುವವನಿಗೆ ಮಾತ್ರವಲ್ಲ, ದಾಟಿಸಿಕೊಳ್ಳುವವನಿಗೂ ಕರ್ತವ್ಯವಿದೆ. ಹಿಂದಿನವನು ದಾಟುತ್ತಿರುವಾಗ ವೇಗ ಹೆಚ್ಚಿಸಬಾರದು, ಅಡ್ಡ ಬರಬಾರದು. ಖಾಸಗಿ ಬಸ್ಸುಗಳು ಒಂದೇ ಸ್ಟಾಪಿನ ಪ್ರಯಾಣಿಕರಿಗಾಗಿ ಒಂದರ ಪಕ್ಕ ಒಂದು ಓಡುವುದನ್ನು ಕಂಡವರಿಗೆ ಈ ನಿಯಮ ಏಕಿದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕು. ಅದು ಮುಂದಿನ ವಾಹನದ ಬಲ ಇಂಡಿಕೇಟರ್. ಲಾರಿಯವನೋ ಟ್ರ್ಯಾಕ್ಟರಿನವನೋ ಬಲದ ದೀಪ ಮಿನುಗಿಸಿದರೆ ನಮ್ಮಲ್ಲಿ ಕೆಲವರು ‘ಬಲಗಡೆಯಿಂದ ಹೋಗು ಅಂತ ಸೈಡ್ ಕೊಡ್ತಾವ್ನೆ’ ಎಂದು ತಿಳಿಯುತ್ತಾರೆ. ಇನ್ನು ಕೆಲವರು ‘ಎದುರಿಂದ ಗಾಡಿ ಬತ್ತಾದೆ, ಬರಬೇಡ’ ಎಂದು ತಿಳಿಯುತ್ತಾರೆ. ಆದರೆ ದೀಪ ಇರುವುದು ‘ನಾನು ಬಲಕ್ಕೆ ತಿರುಗುತ್ತೇನೆ’ ಎಂದು ಹೇಳುವುದಕ್ಕೆ. ಒಂದೇ ದೀಪಕ್ಕೆ ಮೂರು ಅರ್ಥ. ಗದ್ದೆಯ ದಾರಿಗೋ ಆಲೆಮನೆಗೋ ಬಲಕ್ಕೆ ಹೊರಳುವ ಟ್ರ್ಯಾಕ್ಟರಿನ ಮುಂಗಾಲಿಗೆ ಬೈಕು ಹೋಗಿ ಬೀಳುವುದು ಹೀಗೆ. ಹಿಂದಿನವನನ್ನು ಮುಂದೆ ಬಿಡಲು ಹಳೆಯ ನಿಯಮಾವಳಿ ಕೈ ಸನ್ನೆಯನ್ನು ಹೇಳಿತ್ತು: ಬಲಗೈಯನ್ನು ಹೊರಗೆ ನೀಟಾಗಿ ಚಾಚಿ ಹಿಂದಿನಿಂದ ಮುಂದಕ್ಕೆ ಬೀಸುವುದು. ಈಗಲೂ ನಮ್ಮ ಹಿರಿಯ ಟ್ರ್ಯಾಕ್ಟರ್ ಡ್ರೈವರುಗಳು ಹಾಗೇ ಕೈ ಬೀಸುತ್ತಾರೆ. ಅದು ಒಳ್ಳೆಯ ರೂಢಿ. ಆದರೂ ಅವರ ಕೈಯನ್ನು ನಂಬಿ ನಾವು ಕಣ್ಣು ಮುಚ್ಚಿಕೊಳ್ಳುವಂತಿಲ್ಲ. ದಾಟಬಹುದೋ ಇಲ್ಲವೋ ಎಂದು ತೀರ್ಮಾನಿಸುವ ಹೊಣೆ ದಾಟುವವನದು. ಬಲ ದೀಪ ಕಂಡರೆ, ಅದು ತಿರುಗುತ್ತದೆ ಎಂದೇ ಎಣಿಸಿ ಹಿಂದೆ ಉಳಿಯಿರಿ. ಕಬ್ಬು ಸಾಗಿಸುವವರಿಗೂ ಒಂದು ಮನವಿ: ಹಿಂದಿನ ಟ್ರೇಲರಿಗೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಿ, ಇಂಡಿಕೇಟರ್ ಮತ್ತು ಹಿಂದಿನ ದೀಪ ಜಲ್ಲೆಯಡಿ ಮುಚ್ಚಿಹೋಗದಂತೆ ಲೋಡ್ ಕಟ್ಟಿ. ರಾತ್ರಿ ಫ್ಯಾಕ್ಟರಿ ಮುಂದೆ ಸಾಲು ನಿಲ್ಲಿಸುವಾಗಲೂ ಇದೇ ಮಾತು.

ನಮ್ಮ ಜಿಲ್ಲೆಯ ರಸ್ತೆಗಳಿಗೆ ಇನ್ನೊಂದು ಗುಣವಿದೆ. ಹಿಂದೆ ಇರ್ವಿನ್ ನಾಲೆ ಎಂದು ಕರೆಯುತ್ತಿದ್ದ ವಿಶ್ವೇಶ್ವರಯ್ಯ ನಾಲೆಯೂ ಅದರ ಕವಲುಗಳೂ ಎಲ್ಲೆಲ್ಲಿ ಹರಿಯುತ್ತವೆಯೋ ಅಲ್ಲೆಲ್ಲ ನಾಲೆ ಏರಿಯ ಮೇಲೆ ರಸ್ತೆ ಹೋಗುತ್ತದೆ. ಒಂದು ಮಗ್ಗುಲಿಗೆ ನೀರು, ಇನ್ನೊಂದು ಮಗ್ಗುಲಿಗೆ ಗದ್ದೆಯ ಇಳಿಜಾರು. ಬಯಲು ರಸ್ತೆಯಲ್ಲಿ ಎದುರಿನವನು ತಪ್ಪಿಸಿಕೊಳ್ಳಲು ಎಡಕ್ಕೆ ಮಣ್ಣಿಗೆ ಇಳಿಯಬಹುದು. ನನ್ನೆದುರು ಆ ಹುಡುಗನನ್ನು ಉಳಿಸಿದ್ದು ಆ ಮಣ್ಣಿನ ಅಂಚೇ. ನಾಲೆ ಏರಿಯಲ್ಲಿ ಅಂಥ ಅಂಚೇ ಇಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸು ರಸ್ತೆ ಬಿಟ್ಟು ವಿಶ್ವೇಶ್ವರಯ್ಯ ನಾಲೆಗೆ ಉರುಳಿತು. ಶಾಲೆ ಮುಗಿಸಿ ಊರಿಗೆ ಹೊರಟಿದ್ದ ಮಕ್ಕಳೂ ಸೇರಿ 30 ಜನ ತೀರಿಕೊಂಡರು. ಬಸ್ಸನ್ನು ತಡೆಯುವಂಥ ಗೋಡೆ ಅಲ್ಲಿರಲಿಲ್ಲ. ಅದು ಓವರ್‌ಟೇಕ್‌ನಿಂದಾದ ಅಪಘಾತವೆಂದು ನಾನು ಹೇಳುತ್ತಿಲ್ಲ. ನಾಲೆ ಏರಿಯಲ್ಲಿ ಒಂದು ಚಕ್ರ ಅಂಚು ತಪ್ಪಿದರೆ ಏನಾಗುತ್ತದೆ ಎಂಬುದನ್ನು ಆ ದಿನ ನಾವು ನೋಡಿದೆವು. ಅಂಥ ರಸ್ತೆಯಲ್ಲಿ ಎದುರಿನ ಡ್ರೈವರನ್ನು ಎಡಕ್ಕೆ ಒತ್ತುವುದೆಂದರೆ ಅವನನ್ನು ನೀರಿಗೆ ಒತ್ತಿದಂತೆ. ಅಲ್ಲಿ ಗೆರೆ ಇಲ್ಲದಿದ್ದರೂ ಇಡೀ ಗೆರೆ ಇದೆ ಎಂದೇ ಓಡಿಸಬೇಕು.

2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ನಾನು ಹೆಚ್ಚು ಹೇಳುವುದಿಲ್ಲ. ಅಲ್ಲಿ ನಡುವೆ ಡಿವೈಡರ್ ಇದೆ, ಎದುರಿನ ವಾಹನದ ಭಯ ಕಡಿಮೆ. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ಮುಖ್ಯ ರಸ್ತೆಯಿಂದ ಹೊರಗಿಟ್ಟರು. ಅವೆಲ್ಲ ಈಗ ಸರ್ವಿಸ್ ರಸ್ತೆಯಲ್ಲಿವೆ. ಹಳ್ಳಿಯವರಿಗೆ ಓವರ್‌ಟೇಕ್‌ನ ಅಪಾಯ ಇರುವುದು ಆ ಸರ್ವಿಸ್ ರಸ್ತೆಯಲ್ಲಿ ಮತ್ತು ಡಿವೈಡರ್ ಇಲ್ಲದ ನಮ್ಮ ಊರಿನ ರಸ್ತೆಗಳಲ್ಲಿ.

ಈ ಊರಿನ ರಸ್ತೆಗಳಲ್ಲಿ ಗೆರೆಯೇ ಇಲ್ಲವಲ್ಲ ಎಂದರೆ, ಮಾತು ನಿಜ. ಇದ್ದಲ್ಲಿಯೂ ಸವೆದಿರುತ್ತದೆ. ಗೆರೆಗೆ ಬಳಸುವ ಥರ್ಮೋಪ್ಲಾಸ್ಟಿಕ್ ಬಣ್ಣವನ್ನು ಕರಗುವಷ್ಟು ಕಾಯಿಸಿ ಸುರಿದು, ಅದು ಹಸಿಯಿರುವಾಗಲೇ ಸಣ್ಣ ಗಾಜಿನ ಮಣಿಗಳನ್ನು ಉದುರಿಸುತ್ತಾರೆ. ರಾತ್ರಿ ಹೆಡ್‌ಲೈಟಿನ ಬೆಳಕನ್ನು ಓಡಿಸುವವನ ಕಣ್ಣಿಗೇ ಹಿಂದಿರುಗಿಸುವುದು ಆ ಮಣಿಗಳು. ಕಬ್ಬಿನ ಗಾಡಿಗಳ ಭಾರದ ಚಕ್ರ, ಕೆಸರು, ಮಳೆ ಸೇರಿ ಮಣಿಗಳು ಉದುರಿಹೋದ ಮೇಲೆ ಹಗಲು ಮಸುಕಾಗಿ ಕಾಣುವ ಗೆರೆ ರಾತ್ರಿ ಕಾಣುವುದೇ ಇಲ್ಲ. ಇನ್ನು ಸುಗ್ಗಿಯಲ್ಲಿ ನಾವೇ ರಾಗಿ, ಹುರುಳಿ ತಂದು ರಸ್ತೆಗೆ ಹರಡುತ್ತೇವೆ, ವಾಹನಗಳ ಚಕ್ರದಿಂದ ಒಕ್ಕಣೆ ಮಾಡಿಸುತ್ತೇವೆ. ಗೆರೆ ಅದರಡಿ ಮುಚ್ಚಿಹೋಗುತ್ತದೆ. ಹುರುಳಿ ಸೊಪ್ಪಿನ ಮೇಲೆ ಬೈಕು ಜಾರುತ್ತದೆ, ಅದನ್ನು ತಪ್ಪಿಸಲು ಹೋದವನು ಬಲಕ್ಕೆ ಬರುತ್ತಾನೆ. ಕಣ ಮಾಡಲು ಜಾಗವಿಲ್ಲದ ರೈತನ ಕಷ್ಟ ನನಗೆ ಗೊತ್ತು. ಊರಿಗೊಂದು ಒಕ್ಕಣೆ ಕಣ ಮಾಡಿಸಿಕೊಡುವುದು ಪಂಚಾಯಿತಿಗೆ ಅಸಾಧ್ಯವಾದ ಕೆಲಸವಲ್ಲ. ಅದನ್ನು ಕೇಳಬೇಕು. ಆದರೆ ತಿರುವಿನಲ್ಲಿ ಒಕ್ಕಣೆ ಬೇಡವೇ ಬೇಡ.

ಗೆರೆ ಹಾಕಿಸುವುದು ಯಾರ ಕೆಲಸ? ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆಗಳು ಲೋಕೋಪಯೋಗಿ ಇಲಾಖೆಯವು. ಹಳ್ಳಿ ರಸ್ತೆಗಳ ಹೊಣೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ್ದು. 2019ರ ತಿದ್ದುಪಡಿ ಕಾಯ್ದೆಗೆ 198ಎ ಎಂಬ ಹೊಸ ಕಲಮನ್ನೂ ಸೇರಿಸಿತು. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ಸುರಕ್ಷತಾ ಮಾನದಂಡ ಪಾಲಿಸದೆ ಅದರಿಂದ ಸಾವು ಅಥವಾ ಅಂಗವೈಕಲ್ಯ ಉಂಟಾದರೆ, ಹೊಣೆ ಹೊತ್ತ ಅಧಿಕಾರಿ, ಗುತ್ತಿಗೆದಾರ ಅಥವಾ ಸಲಹೆಗಾರನಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ. ಓಡಿಸುವವನ ತಪ್ಪಿಗೆ ಜೈಲಿಟ್ಟ ಕಾಯ್ದೆಯೇ ರಸ್ತೆ ಮಾಡಿದವರ ತಪ್ಪಿಗೂ ದಂಡವಿಟ್ಟಿದೆ. ಇದು ನಮ್ಮ ಹಳ್ಳಿಗಳಲ್ಲಿ ಎಷ್ಟು ಜನಕ್ಕೆ ಗೊತ್ತು? ಡಾಂಬರು ಹಾಕಿ ಬಿಲ್ಲು ಮಾಡಿಸಿ ಗೆರೆ ಎಳೆಯದೆ ಹೋದ ರಸ್ತೆ ಅರೆಬರೆ ರಸ್ತೆ. ಅದನ್ನು ಅರೆಬರೆ ಎಂದೇ ಕರೆಯಬೇಕು.

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರೆಂದು ಕೇಂದ್ರ ಸಾರಿಗೆ ಸಚಿವಾಲಯವೇ ಲೆಕ್ಕ ಕೊಟ್ಟಿದೆ. ಒಂದು ದಿನಕ್ಕೆ 460ಕ್ಕೂ ಹೆಚ್ಚು. ಅಷ್ಟು ದೊಡ್ಡ ಸಂಖ್ಯೆ ಎದುರಿಗಿದ್ದಾಗ ಒಂದು ಡಬ್ಬ ಬಣ್ಣದ ಮಾತು ಸಣ್ಣದೆನ್ನಿಸಬಹುದು. ನನಗೆ ಹಾಗೆನ್ನಿಸುವುದಿಲ್ಲ. ತಿರುವಿನ ಮುಂಚೆ ಇಡೀ ಗೆರೆ ಕಂಡು, ಅದರ ಅರ್ಥ ತಿಳಿದು, ಒಬ್ಬ ಹುಡುಗ ಬೈಕಿನ ವೇಗ ತಗ್ಗಿಸಿದರೆ ಒಂದು ಮನೆಯಲ್ಲಿ ಅಂದು ರಾತ್ರಿ ಎಲ್ಲರೂ ಊಟಕ್ಕೆ ಕೂರುತ್ತಾರೆ.

ಆದ್ದರಿಂದ ಕೊತ್ತತ್ತಿ ಹೋಬಳಿಯವರಲ್ಲಿ, ಮದ್ದೂರು ಮಳವಳ್ಳಿ ಕಡೆಯವರಲ್ಲಿ ನನ್ನ ಕೋರಿಕೆ ಇಷ್ಟು. ನಿಮ್ಮ ಊರಿನ ಕುರುಡು ತಿರುವು ಯಾವುದು, ನಾಲೆ ಏರಿಯಲ್ಲಿ ತಡೆಗೋಡೆ ಇಲ್ಲದ ಜಾಗ ಯಾವುದು ಎಂದು ನಿಮಗಿಂತ ಚೆನ್ನಾಗಿ ಯಾವ ಎಂಜಿನಿಯರಿಗೂ ಗೊತ್ತಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಆ ಜಾಗಗಳ ಹೆಸರು ಬರೆಸಿ, ನಡಾವಳಿಯಲ್ಲಿ ಸೇರಿಸಿ, ಅದರ ನಕಲನ್ನು ಇಲಾಖೆಗೆ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಕಬ್ಬು ಅರೆಯುವ ಕಾಲ ಶುರುವಾಗುವ ಮುಂಚೆ ಗೆರೆ ಬೀಳಲಿ.

ಅಲ್ಲಿಯವರೆಗೆ ಕಬ್ಬಿನ ಲೋಡಿನ ಹಿಂದೆ ಸಿಕ್ಕಿಕೊಂಡಾಗ ಈ ಲೆಕ್ಕ ನೆನಪಿರಲಿ. 20ರ ವೇಗದಲ್ಲಿ ಒಂದು ಕಿಲೋಮೀಟರ್ ಹೋಗಲು ಮೂರು ನಿಮಿಷ ಬೇಕು. 50ರ ವೇಗದಲ್ಲಿ ಒಂದು ನಿಮಿಷ 12 ಸೆಕೆಂಡ್. ಗೆರೆ ತುಂಡಾಗುವ ತನಕ ಒಂದು ಕಿಲೋಮೀಟರ್ ಹಿಂದೆಯೇ ಹೋದರೆ ತಡವಾಗುವುದು ಒಂದು ನಿಮಿಷ 48 ಸೆಕೆಂಡ್.